ಕೋಣೆ ಕೆಲಸದವಳ ಕವರು

ಹಡಗಿನ ಮೊದಲ ಬೆಳಿಗ್ಗೆ ಕಸ್ತೂರಮ್ಮನಿಗೆ ಎಚ್ಚರವಾದಾಗ ಇನ್ನೂ ಐದು ಗಂಟೆಯಾಗಿರಲಿಲ್ಲ. ಚನ್ನಗಿರಿಯ ಮನೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ಗಂಡನ ಬಿ.ಪಿ. ಮಾತ್ರೆಗೆ ಬಿಸಿನೀರು ಇಟ್ಟಿರುತ್ತಿದ್ದಳು. ಇಲ್ಲಿ ಬಾಗಿಲಾಚೆ ಜಮಖಾನ ಹಾಸಿದ ಉದ್ದನೆಯ ಓಣಿ. ಅದಕ್ಕೆ ನೀರು ಹಾಕುವಂತಿಲ್ಲ. ಐವತ್ಮೂರು ವರ್ಷದ ಹೆಂಗಸು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಳು. ಕಾಲಡಿಯ ನೆಲ ಸಣ್ಣಗೆ ತೂಗುತ್ತಿತ್ತು. ಸುಮ್ಮನೆ ಕೂತಷ್ಟೂ ತಲೆ ತಿರುಗಿದಂತಾಗಿ ಎದ್ದುಬಿಟ್ಟಳು.

ಮೊದಲು ಬಾತ್‌ರೂಮು ತೊಳೆದಳು. ಗಂಡ ನಾಗರಾಜಪ್ಪ ಎದ್ದ ಮೇಲೆ ಕರೆಂಟಿನ ಕೆಟಲಿನಲ್ಲಿ ಟೀ ಮಾಡಿ ಕೊಟ್ಟಳು. ಅವನು ಸ್ನಾನಕ್ಕೆ ಹೋದಾಗ ಹಾಸಿಗೆ ಕೊಡವಿ, ಚಾದರ ಎಳೆದು, ದಿಂಬು ಜೋಡಿಸಿದಳು. ಅವನು ಬಂದ ಮೇಲೆ ಒರೆಸಿಕೊಂಡ ಟವೆಲುಗಳನ್ನು ನೀಟಾಗಿ ಮಡಿಸಿ ಕಪಾಟಿನಲ್ಲಿದ್ದ ಟವೆಲುಗಳ ಮೇಲಿಟ್ಟಳು. ಎದ್ದ ಹಾಸಿಗೆ ಎದ್ದ ಹಾಗೇ ಬಿದ್ದಿದ್ದರೆ ಮನೆಗೆ ದರಿದ್ರ ಅಂತ ಅತ್ತೆ ಹೇಳುತ್ತಿದ್ದರು. ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆ ಮಾತು ಮಾತ್ರ ಸಮುದ್ರದವರೆಗೂ ಜೊತೆಗೆ ಬಂದಿತ್ತು.

ನಾಗರಾಜಪ್ಪನದು ಚನ್ನಗಿರಿಯಲ್ಲಿ ಗೊಬ್ಬರ, ಔಷಧಿ, ಬೀಜದ ಅಂಗಡಿ. ಅಡಿಕೆ ತೋಟಕ್ಕೆ ಹೊಡೆಯುವ ಔಷಧಿ ಮಾಡುವ ಕಂಪನಿಯೊಂದು, ವರ್ಷದ ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು ಮುಂಬೈಯಿಂದ ಗೋವಾಕ್ಕೆ ಹಡಗಿನಲ್ಲಿ ಕರೆದೊಯ್ದು ವಾಪಸು ತಂದು ಬಿಡುತ್ತೇನೆ ಎಂದಿತ್ತು. ಮೂರು ರಾತ್ರಿ, ಊಟ ತಿಂಡಿ ಎಲ್ಲ ಕಂಪನಿಯದೇ. ನ್ಯಾಮತಿಯಿಂದ ಮಲ್ಲೇಶಪ್ಪ, ಜಗಳೂರಿನಿಂದ ರೇವಣ್ಣ, ಹೊನ್ನಾಳಿ ಕಡೆಯ ಇಬ್ಬರು, ಎಲ್ಲರೂ ಹೆಂಡಿರ ಸಮೇತ ದಾವಣಗೆರೆಯಲ್ಲಿ ರೈಲು ಹತ್ತಿದ್ದರು. ಕಂಪನಿಯ ಪಟ್ಟಿಯಲ್ಲಿ ಕಸ್ತೂರಮ್ಮನ ಹೆಸರಿರಲಿಲ್ಲ. ‘ನಾಗರಾಜಪ್ಪ, ಜೊತೆಗೆ ಒಬ್ಬರು’ ಎಂದಿತ್ತು. ಗಂಡ ಮಧ್ಯಾಹ್ನ ಉಂಡು ಮಲಗುವ ಎರಡು ತಾಸು ದಿನಾ ಅಂಗಡಿಯಲ್ಲಿ ಕೂತು ಅಡಿಕೆಗೆ ಹೊಡೆಯುವ ಮೈಲುತುತ್ತ ತೂಗಿ ಕೊಡುತ್ತಿದ್ದದ್ದು ಆ ಒಬ್ಬರೇ.

ಹೊರಡುವ ಮುಂಚಿನ ನಾಲ್ಕು ದಿನವೂ ಅವಳಿಗೆ ಒಲೆಯ ಮುಂದೆಯೇ ಕಳೆದಿತ್ತು. “ಹಡಗಿನಾಗೆ ಏನ್ ಕೊಡ್ತಾರೋ ಏನೋ, ನಮ್ಮೋರಿಗೆಲ್ಲ ಸಾಕಾಗಂಗೆ ಮಾಡ್ಕ” ಎಂದಿದ್ದ ನಾಗರಾಜಪ್ಪ. ಒಂದು ಮೂಟೆ ಒಗ್ಗರಣೆ ಮಂಡಕ್ಕಿ, ಎರಡು ಡಬ್ಬಿ ಚಕ್ಕುಲಿ, ಶೇಂಗಾ ಚಟ್ನಿಪುಡಿ, ಟೀ ಪುಡಿ, ಸಕ್ಕರೆ, ಹಾಲಿನ ಪುಡಿ. ಅವಳ ಸೀರೆಗಳಿಗೆ ಸೂಟ್‌ಕೇಸಿನಲ್ಲಿ ಉಳಿದದ್ದು ಒಂದು ಮೂಲೆ.

ಹತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಬೂದು ಬಣ್ಣದ ಯೂನಿಫಾರ್ಮಿನ ಹೆಂಗಸು, ನಲವತ್ತರ ಆಸುಪಾಸು, ಎದೆಯ ಮೇಲೆ ಹೆಸರಿನ ಬಿಲ್ಲೆ. ಕಸ್ತೂರಮ್ಮ ಸಂತೆಯಲ್ಲಿ ಕಲಿತ ಹಿಂದಿಯನ್ನೆಲ್ಲ ಒಟ್ಟುಮಾಡಿ ಏನೋ ಹೇಳಹೊರಟಳು.

“ಕನ್ನಡ ಬರ್ತದೆ ಅಮ್ಮಾ. ನಂದು ಕಾರವಾರ. ಆಶಾ ಅಂತ” ಎಂದಳು ಆಕೆ. ಒಳಗೆ ಇಣುಕಿದವಳು ಹಾಸಿಗೆ ನೋಡಿ ನಿಂತಳು. “ಇದು ಯಾರು ಮಾಡಿದ್ದು?”

“ನಾನೇ. ಕೆಲ್ಸ ಎಲ್ಲ ಆಗೈತೆ ತಂಗಿ, ನಿಂಗ್ಯಾಕೆ ತ್ರಾಸು. ನಾ ಹೊರಗೆ ಕೂತಿರ್ತೀನಿ, ನೀ ಒಂದೀಟು ಕೂತು ಸುಧಾರಿಸ್ಕೊ.”

ಆಶಾ ನಕ್ಕಳು.

ಆ ಮಧ್ಯಾಹ್ನ ಊಟದ ಹಾಲ್‌ನಲ್ಲಿ ನಾಗರಾಜಪ್ಪನ ಕೈ ಧಾರಾಳವಾಗಿತ್ತು. ತಟ್ಟೆ ಎತ್ತಿಕೊಳ್ಳಲು ಬಂದವನು ಬಗ್ಗಿ “ಸರ್, ಇನ್ನೇನು ಬೇಕು ಸರ್” ಎಂದ. ನಾಗರಾಜಪ್ಪ ಎಲ್ಲರಿಗೂ ಕಾಣುವ ಹಾಗೆ ಐನೂರರ ನೋಟು ತೆಗೆದು ಅವನ ಕೈಯಲ್ಲಿಟ್ಟ. ಅವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. “ನೋಡ್ದೇನು, ಹೆಂಗೆ ಬಗ್ಗಿದ!” ಎಂದ ನಾಗರಾಜಪ್ಪ ಹೆಂಡತಿಗೆ. ತಂಪು ಪಾನೀಯ ತಂದವನಿಗೆ ಇನ್ನೂರು, ಚೇರು ಎಳೆದು ಕೊಟ್ಟವನಿಗೆ ನೂರು. ಕಸ್ತೂರಮ್ಮ ಅವನ ತಟ್ಟೆಯ ಪಕ್ಕ ಮಧ್ಯಾಹ್ನದ ಮಾತ್ರೆ ಇಟ್ಟಳು. ಅವನು ನೋಡದೆಯೇ ತೆಗೆದು ನುಂಗಿದ.

ಎರಡನೆಯ ದಿನವೂ ಅವಳು ಹಾಸಿಗೆ ಮಡಿಸಿಟ್ಟೇ ತಿಂಡಿಗೆ ಹೋದಳು. ಅರ್ಧಕ್ಕೆ, ಕನ್ನಡಕ ಮರೆತದ್ದು ನೆನಪಾಗಿ ವಾಪಸು ಬಂದಳು. ಬಾಗಿಲು ತೆರೆದಿತ್ತು. ಆಶಾ, ಕಸ್ತೂರಮ್ಮ ಎಳೆದು ಸರಿಮಾಡಿದ್ದ ಚಾದರವನ್ನು ಕಿತ್ತು ನೆಲಕ್ಕೆ ಹಾಕುತ್ತಿದ್ದಳು. ದಿಂಬಿನ ಕವಚ, ಕಪಾಟಿನಲ್ಲಿದ್ದ ಅಷ್ಟೂ ಟವೆಲು ಕೆಳಗೆ ಬಿದ್ದಿದ್ದವು.

“ಯಾಕೆ ತಂಗಿ, ಸರಿ ಆಗಿರ್ಲಿಲ್ಲೇನು?”

ಆಶಾ ಬೆಚ್ಚಿ ತಿರುಗಿದಳು. “ಚೆಂದ ಆಗಿತ್ತು ಅಮ್ಮಾ. ಆದ್ರೆ ಚಾದರ ಬದಲಿಸ್ಲೇಬೇಕು. ಮೂಲೆ ನಾವು ಮಡಿಸೋದೇ ಬೇರೆ, ಸೂಪರ್‌ವೈಸರ್ ಬಂದು ನೋಡ್ತಾರೆ. ನೀವು ಒದ್ದೆ ಟವೆಲ್ ಮಡಿಸಿ ಒಣಗಿದ್ದರ ಮೇಲೆ ಇಡ್ತೀರಿ, ಆಗ ಎಲ್ಲಾನೂ ಒಗೆಯೋಕೆ ಹಾಕ್ಬೇಕು.” ಸ್ವಲ್ಪ ಅನುಮಾನಿಸಿ ಮುಂದುವರಿಸಿದಳು. “ಬೇಜಾರ್ ಮಾಡ್ಕೊಬೇಡಿ. ಒಂದು ರೂಮಿಗೆ ಇಪ್ಪತ್ತು ನಿಮಿಷ ಕೊಟ್ಟಿರ್ತಾರೆ. ಹದಿನಾರು ರೂಮು ನಂದು. ನೀವು ಮಾಡಿಟ್ಟದ್ದನ್ನು ಬಿಚ್ಚಲಿಕ್ಕೆ ಇನ್ನೂ ಐದು ನಿಮಿಷ ಹೋಗ್ತದೆ.”

ಕಸ್ತೂರಮ್ಮ ಕುರ್ಚಿಯ ಮೇಲೆ ಕೂತಳು.

ಹಾಸಿಗೆ ಮಡಿಸುವುದಕ್ಕೆ ಇಂತಿಷ್ಟು ನಿಮಿಷ ಎಂದಿರುತ್ತದೆ ಎಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅವಳ ಮನೆಯಲ್ಲಿ ಹಾಸಿಗೆ ತಾನಾಗಿಯೇ ಮಡಿಸಿಕೊಳ್ಳುತ್ತಿತ್ತು. ಬಾತ್‌ರೂಮು ತಾನಾಗಿಯೇ ತೊಳೆದುಕೊಳ್ಳುತ್ತಿತ್ತು. ಹಾಗೆಂದೇ ಉಳಿದವರೆಲ್ಲ ತಿಳಿದಿದ್ದರು. ಈಗ ನೋಡಿದರೆ, ಎರಡು ದಿನದಿಂದ ತಾನು ಮಾಡಿದ್ದು ಯಾರ ಉಪಕಾರಕ್ಕೂ ಬಂದಿರಲಿಲ್ಲ. ಇನ್ನೊಬ್ಬಳ ಬೆನ್ನಿನ ಮೇಲೆ ಭಾರವಾಗಿ ಕೂತಿತ್ತು.

“ನಿನ್ನ ಮನೇಲಿ ಯಾರು ಮಡಿಸ್ತಾರೆ ಹಾಸಿಗೆನ?”

“ನಾನಿಲ್ಲದಾಗ ಅಮ್ಮ. ಎಂಟು ತಿಂಗಳು ಹಡಗು, ಆಮೇಲೆ ರಜೆ. ರಜೆಗೆ ಹೋದ್ರೆ ನಾನೇ.” ಆಶಾ ಹೊಸ ಚಾದರವನ್ನು ಒಂದೇ ಸಲಕ್ಕೆ ಬೀಸಿ ಹರಡಿದಳು. “ಕೆಲಸ ಎರಡೂ ಕಡೆ ಒಂದೇ ಅಮ್ಮಾ. ಇಲ್ಲಿ ಮಾಡಿದ್ರೆ ತಿಂಗಳಾದ ಕೂಡ್ಲೆ ಅಕೌಂಟಿಗೆ ಬರ್ತದೆ, ಅಷ್ಟೇ.”

“ಟಿಪ್ಸು?”

“ಊಟದ ಹಾಲ್‌ನವರಿಗೆ ಸಿಗ್ತದೆ. ನಾವು ಬರೋ ಹೊತ್ತಿಗೆ ನೀವೆಲ್ಲ ಹೊರಗೆ ಹೋಗಿರ್ತೀರಿ. ನಮ್ಮನ್ನ ಯಾರು ನೋಡ್ತಾರೆ? ಕಡೇ ದಿವಸ ರೂಮಿಗೊಂದು ಕವರ್ ಇಡ್ತಾರೆ. ಹೆಚ್ಚಾಗಿ ಖಾಲಿ ಇರ್ತದೆ.” ಅದನ್ನು ಅವಳು ದೂರುವ ಹಾಗೆ ಹೇಳಲಿಲ್ಲ, ಗಾಳಿ ಬೀಸುತ್ತಿದೆ ಅನ್ನುವ ಹಾಗೆ ಹೇಳಿದಳು.

ಈ ಕೋಣೆಯ ಕವರು ಖಾಲಿ ಹೋಗಬಾರದು ಎಂದು ಕಸ್ತೂರಮ್ಮ ಅಲ್ಲೇ ನಿಶ್ಚಯಿಸಿದಳು. ಆಮೇಲೆ ತನ್ನ ಪರ್ಸು ನೆನಪಾಯಿತು. ಅದರಲ್ಲಿದ್ದದ್ದು ಮಾತ್ರೆಯ ಪಟ್ಟಿ, ಪಿನ್ನು, ವಿಭೂತಿಯ ಸಣ್ಣ ಡಬ್ಬಿ, ಬಸ್ಸಿನಲ್ಲಿ ಉಳಿದ ಮೂವತ್ತು ರೂಪಾಯಿ. ದುಡ್ಡೆಲ್ಲ ಗಂಡನ ಜೇಬಿನಲ್ಲಿ. ಗ್ಯಾಸಿಗೆ, ಹಾಲಿಗೆ, ಬೀಗರ ಮನೆಯ ಮುಯ್ಯಿಗೆ ಅವಳು ಕೇಳಿದ್ದುಂಟು, ಅವನು ಕೊಟ್ಟದ್ದೂ ಉಂಟು. ತನ್ನ ಮನಸ್ಸಿಗೆ ಬಂತು ಎನ್ನುವುದಕ್ಕೆ ಕೇಳಿದ್ದು ನೆನಪಿರಲಿಲ್ಲ. ಹೇಗೆ ಕೇಳುವುದೆಂದು ಯೋಚಿಸುತ್ತಲೇ ಆ ದಿನ ಕಳೆಯಿತು. ಗೋವಾದ ದಂಡೆಯಲ್ಲಿ ಎಲ್ಲರೂ ನೀರಿಗಿಳಿದು ಫೋಟೋ ಹೊಡೆಸಿಕೊಂಡರು. ಅವಳು ಒಂಬತ್ತು ಜನರ ಚಪ್ಪಲಿ ಕಾಯ್ದಳು.

ಅಂದೇ ಹಡಗಿನ ಕೊನೆಯ ಸಂಜೆ. ಎಲ್ಲರೂ ನಾಗರಾಜಪ್ಪನ ಕೋಣೆಯಲ್ಲಿ ಸೇರಿದರು. ಹಡಗಿನ ಊಟ ಮೂರು ದಿನಕ್ಕೇ ಸಾಕಾಗಿ ಮಂಡಕ್ಕಿಗೆ ಬಾಯಿ ಬಿಡುತ್ತಿದ್ದರು. ಕೆಟಲಿನಲ್ಲಿ ಒಂದು ಸಲಕ್ಕೆ ನಾಲ್ಕು ಲೋಟ ಟೀ ಮಾತ್ರ ಆಗುತ್ತಿತ್ತು. ಕಸ್ತೂರಮ್ಮ ಮೂರನೆಯ ಸಲ ನೀರಿಟ್ಟಿದ್ದಳು. ಮಲ್ಲೇಶಪ್ಪನ ಹೆಂಡತಿ ಪ್ರೇಮಲತಾ ಲೋಟ ತೊಳೆದು ಕೊಡುತ್ತಿದ್ದಳು. ಗಂಡಸರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿದ್ದರು. ಆಶಾ ಇಸ್ತ್ರಿ ಮಾಡಿದಂತೆ ಎಳೆದಿದ್ದ ಚಾದರದ ಮೇಲೆ ಮಂಡಕ್ಕಿ ಉದುರುತ್ತಿತ್ತು.

ಅಷ್ಟರಲ್ಲಿ ಕಂಪನಿಯ ಆಫೀಸರ್ ಗುರುಬಸವರಾಜ್ ಬಂದು ಬಿಳಿ ಕವರೊಂದನ್ನು ನಾಗರಾಜಪ್ಪನ ಕೈಗೆ ಕೊಟ್ಟ. “ಸರ್, ಇದು ರೂಮ್ ಕ್ಲೀನ್ ಮಾಡೋರಿಗೆ. ಸರ್ವೀಸ್ ಚಾರ್ಜ್ ನಾವು ಕಟ್ಟಿದೀವಿ, ಇದು ನಿಮ್ಮಿಷ್ಟ. ಇಡ್ಲೇಬೇಕು ಅಂತೇನಿಲ್ಲ” ಎಂದು ಮುಂದಿನ ಕೋಣೆಗೆ ನಡೆದ.

ನಾಗರಾಜಪ್ಪ ಕವರನ್ನು ಆಚೀಚೆ ತಿರುಗಿಸಿ ನೋಡಿದ. “ರೂಮಿಂದೇನೈತೆ ಕೆಲ್ಸ? ಹಾಸಿಗೆ ಮಡಿಸಾಕಿ ಇವ್ಳೇ, ಬಾತ್‌ರೂಮು ತೊಳೆಯಾಕಿ ಇವ್ಳೇ. ಮೂರು ದಿನದಾಗೆ ಆ ಹೆಂಗ್ಸಿನ ಮುಖಾನೇ ನೋಡಿಲ್ಲ ನಾನು. ಟಿಪ್ಸ್ ಯಾತಕ್ಕೆ?”

“ನಮ್ಮ ರೂಮ್ನಾಗೂ ಹಂಗೇ ಕಣಣ್ಣ” ಎಂದ ರೇವಣ್ಣ, ಬಾಯ್ತುಂಬ ಮಂಡಕ್ಕಿಯಿಟ್ಟುಕೊಂಡು. “ನಮ್ಮಾಕೆ ಬಂದ ದಿನಾನೇ ಪೊರಕೆ ಎಲ್ಲೈತೆ ಅಂತ ಹುಡುಕಾಕೆ ನಿಂತ್ಲು.”

ಎಲ್ಲರೂ ನಕ್ಕರು. ಕಸ್ತೂರಮ್ಮ ಕೆಟಲಿನಿಂದ ಲೋಟಕ್ಕೆ ಟೀ ಬಗ್ಗಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಹಂಗಾರೆ ಆ ದುಡ್ಡು ನಂಗೇ ಕೊಡ್ರಿ.”

ನಾಗರಾಜಪ್ಪ ಕವರನ್ನು ಮಂಚದ ಮೇಲೆ ಹಾಕಿ ಅವಳ ಕಡೆ ತಿರುಗಿದ.

“ನಿಂಗ್ಯಾಕಲೇ ದುಡ್ಡು? ಏನ್ ಕಮ್ಮಿ ಮಾಡೀನಿ?”

“ಕಮ್ಮಿ ಮಾಡೀರಿ ಅಂತ ಅಂದ್ನೇನ್ರೀ? ರೂಮಿನ ಕೆಲ್ಸ ಮಾಡ್ದೋರಿಗೆ ಕವರು ಅಂತ ಅವ್ರು ಹೇಳಿದ್ರು. ಮಾಡ್ದಾಕಿ ನಾನೇ ಅಂತ ನೀವು ಹೇಳಿದ್ರಿ.”

“ಅಕ್ಕಾರು ಪಾಯಿಂಟ್ ಹಿಡಿದ್ರು ಕಣಣ್ಣೋ!” ರೇವಣ್ಣ ತೊಡೆ ತಟ್ಟಿದ. “ತಗಿ ಪಾಕೀಟು, ತಗಿ. ಹುಡುಗ್ರಿಗೆಲ್ಲ ಕೊಟ್ಟು ಅಕ್ಕಾರಿಗೆ ಇಲ್ಲ ಅಂತೀಯಾ?”

ಇಷ್ಟು ಜನರ ಮುಂದೆ ಬೇರೆ ದಾರಿಯಿರಲಿಲ್ಲ. ನಾಗರಾಜಪ್ಪ ನಾಟಕದ ದೊರೆಯ ಹಾಗೆ ಎದ್ದು ನಿಂತು, ಐನೂರರ ನೋಟು ತೆಗೆದು, ಬಗ್ಗಿ ಹೆಂಡತಿಯ ಮುಂದೆ ಹಿಡಿದ. “ತಗೊಳ್ರಿ ಮೇಡಂ. ಸರ್ವೀಸ್ ಭಾಳ ಚೆನ್ನಾಗಿತ್ತು.” ಕೋಣೆಯಲ್ಲಿ ಚಪ್ಪಾಳೆ ಬಿತ್ತು.

“ಐನೂರಾ ಅಣ್ಣಾರೆ?” ಪ್ರೇಮಲತಾ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. “ಮೂರು ದಿನದ್ದೋ, ಮದುವೆ ಆದಾಗಿಂದ ಇಲ್ಲಿತಂಕದ್ದೋ?”

“ಏ, ಆ ಲೆಕ್ಕ ತಗುದ್ರೆ ಅಂಗಡಿ ಮಾರ್ಬೇಕಾಗ್ತೈತೆ ಕಣವ್ವ!” ಎಂದ ನಾಗರಾಜಪ್ಪ. ಎಲ್ಲರೂ ಮತ್ತೆ ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ. ತಾನು ಏನು ಹೇಳಿದೆನೆಂದು ಅವನಿಗೇ ಕೇಳಿಸಿದಂತಿರಲಿಲ್ಲ. ಮಾತು ಈ ಸಲದ ಅಡಿಕೆ ರೇಟಿನ ಕಡೆ ಹೊರಳಿತು.

ಕಸ್ತೂರಮ್ಮ ನೋಟನ್ನು ಕೈಯಲ್ಲಿ ಹಿಡಿದುಕೊಂಡೇ ಉಳಿದ ಇಬ್ಬರಿಗೆ ಟೀ ಕೊಟ್ಟಳು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಕೆಲಸಕ್ಕೆಂದು ಅವಳ ಕೈಗೆ ಬಂದ ಮೊದಲ ದುಡ್ಡು ಅದು. ತಮಾಷೆಗೆ ಬಂದಿತ್ತು. ಇಟ್ಟುಕೊಂಡರೆ ಯಾರೂ ಕೇಳುತ್ತಿರಲಿಲ್ಲ. ಒಂದು ಗಳಿಗೆ ಅವಳಿಗೆ ಇಟ್ಟುಕೊಳ್ಳಬೇಕೆಂದು ನಿಜವಾಗಿಯೂ ಅನ್ನಿಸಿತು. ಆಮೇಲೆ ನೆಲಕ್ಕೆ ಬಿದ್ದಿದ್ದ ಆ ಟವೆಲುಗಳು ನೆನಪಾದವು. ನೋಟನ್ನು ಕವರಿಗೆ ಹಾಕಿ, ಮೇಲೆ ‘ಆಶಾ’ ಎಂದು ಬರೆದು ಕನ್ನಡಿಯ ಮುಂದೆ ಇಟ್ಟಳು. ಗೆದ್ದೆ ಎಂದೇನೂ ಅನ್ನಿಸಲಿಲ್ಲ. ಮಂಡಿ ನೋಯುತ್ತಿತ್ತು.

ಮರುದಿನ ಹಡಗು ಮುಂಬೈ ಮುಟ್ಟಿತು. ಕಸ್ತೂರಮ್ಮ ಸೂಟ್‌ಕೇಸು ಕಟ್ಟಿದಳು. ಹಾಸಿಗೆ ಮುಟ್ಟಲಿಲ್ಲ. ಮುದ್ದೆಯಾದ ಚಾದರ, ಅದರ ಮೇಲೆ ಮಂಡಕ್ಕಿ, ಕುರ್ಚಿಯ ಮೇಲೆ ಒದ್ದೆ ಟವೆಲು. ನೋಡಿದರೆ ಕೈ ತಡೆಯುವುದಿಲ್ಲವೆಂದು ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಆದರೂ ಒಮ್ಮೆ ಕೈ ಹೋಗಿ ಚಾದರದ ತುದಿ ಹಿಡಿಯಿತು. ಬಿಟ್ಟಳು.

“ಹಾಸಿಗೆ ಹಂಗೇ ಬಿಟ್ಟೀಯಲ್ಲೇ? ನೋಡ್ದೋರು ಏನಂತಾರೆ?” ಎಂದ ನಾಗರಾಜಪ್ಪ.

“ಆಶಾ ಬರ್ತಾಳೆ.”

“ಯಾವ ಆಶಾ?”

ಅವಳು ಬಾಗಿಲಾಚೆ ಕಾಲಿಟ್ಟಳು. ಓಣಿಯ ಕೊನೆಯಲ್ಲಿ ಆಶಾ ತಳ್ಳುಗಾಡಿ ಹಿಡಿದು ಬರುತ್ತಿದ್ದಳು. ಹತ್ತಿರ ಬಂದಾಗ ಕಸ್ತೂರಮ್ಮ ಮೆಲ್ಲಗೆ ಹೇಳಿದಳು: “ಇವತ್ತು ಏನೂ ಮಾಡಿಟ್ಟಿಲ್ಲ ತಂಗಿ. ಮಂಡಕ್ಕಿ ಮಾತ್ರ ಭಾಳ ಚೆಲ್ಲೈತೆ. ಕನ್ನಡಿ ಮುಂದೆ ನೋಡು.”

“ಇರ್ಲಿ ಅಮ್ಮಾ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಆಶಾಳಿಗೆ ನಗು ಬಂತು, ಆಮೇಲೆ ಕಸ್ತೂರಮ್ಮನಿಗೆ. ಮುಂದೆ ಹೋಗುತ್ತಿದ್ದ ನಾಗರಾಜಪ್ಪ ಏನೆಂದು ತಿರುಗಿ ನೋಡಿದ.

ಚನ್ನಗಿರಿ ಮುಟ್ಟಿದ ಮರುದಿನ ಬೆಳಿಗ್ಗೆ ಅವಳು ಐದಕ್ಕೇ ಎದ್ದಳು. ಬೀಗ ಹಾಕಿದ್ದ ಮನೆಯ ಮುಗ್ಗಲು ವಾಸನೆ ಇನ್ನೂ ಹೋಗಿರಲಿಲ್ಲ. ಬಚ್ಚಲ ಮುಂದೆ ವಾರದ ಬಟ್ಟೆಯ ಗುಡ್ಡೆ ಬಿದ್ದಿತ್ತು. ಬಾಗಿಲಿಗೆ ನೀರು ಹಾಕಿದಳು, ಹಾಲು ಕಾಯಿಸಿದಳು. ನಾಗರಾಜಪ್ಪ ಎದ್ದು ಸ್ನಾನಕ್ಕೆ ಹೋದ. ಅವಳು ಹಾಸಿಗೆಯ ಹತ್ತಿರ ಬಂದು ನಿಂತಳು. ಇಪ್ಪತ್ತು ನಿಮಿಷ, ಎಂದುಕೊಂಡಳು. ಟೀ ಲೋಟ ಹಿಡಿದು ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗು ಕೇಳಿಸಿತು. “ಲೇ, ಹಾಸಿಗೆ ಹಂಗೇ ಐತಲ್ಲೇ!”

“ಹೂಂ. ಹಂಗೇ ಐತೆ.”

ಬಟ್ಟೆ ನೆನೆಹಾಕಬೇಕು, ರೊಟ್ಟಿಗೆ ಹಿಟ್ಟು ಕಲಸಬೇಕು, ಮಧ್ಯಾಹ್ನ ಅಂಗಡಿಗೆ ಹೋಗಬೇಕು. ಎಲ್ಲ ಅವಳಿಗೆ ಗೊತ್ತಿತ್ತು. ಟೀ ಬಿಸಿಯಿತ್ತು. ಅದು ಮುಗಿಯುವ ತನಕ ಅವಳು ಏಳಲಿಲ್ಲ.