ತಾತ ಕಡೆದ ಚಾಪ್‌ಸ್ಟಿಕ್

ಚಮಚ ಮತ್ತೆ ಕೈಜಾರಿ ಬಿತ್ತು. ಎರಡು ವರ್ಷದ ಮಗ ತಾನಾಗಿ ತಿನ್ನುವುದನ್ನು ಕಲಿಯುವುದೇ ಇಲ್ಲವೇನೋ ಎಂಬ ಚಿಂತೆಯಲ್ಲಿ ನನಗೆ ನಿದ್ದೆಯೇ ಹತ್ತುತ್ತಿಲ್ಲ. ಚಮಚ ಬಿದ್ದ ಸದ್ದಿಗೆ ಚನ್ನಪಟ್ಟಣದ ತಾತ ನೆನಪಾದರು.

ಚಿಕ್ಕವಳಿದ್ದಾಗ ಚೀನಾದವರ ಹಾಗೆ ಕಡ್ಡಿಯಲ್ಲೇ ನೂಡಲ್ಸ್ ತಿನ್ನಬೇಕೆಂದು ನಾನು ಹಟ ಹಿಡಿದಿದ್ದೆ. ಗೊಂಬೆ ಮಾಡುವ ತಾತ ಎರಡು ಕಡ್ಡಿ ಕಡೆದು, ಕೆಂಪು ಅರಗು ಹಚ್ಚಿ, ಮಿರಮಿರ ಮಿಂಚುವಂತೆ ಉಜ್ಜಿಕೊಟ್ಟರು. ಒಂದೆಳೆಯೂ ಅದರಲ್ಲಿ ನಿಲ್ಲಲಿಲ್ಲ. ನನಗೆ ಅಳು ಬಂತು.

“ಜಾರ್ತೈತೆ ಅಂದ್ರೆ ಪಾಲಿಶ್ ಚೆಂದಾಗೈತೆ ಅಂತ ಕಣವ್ವ!” ತಾತನಿಗೆ ಹೆಮ್ಮೆ.

“ನಿನ್ ಪಾಲಿಶ್‌ನಿಂದ ಮಗೀಗೆ ಹೊಟ್ಟೆ ತುಂಬ್ತೈತಾ?” ಅಜ್ಜಿ ರೇಗಿದರು.

ತಾತ ಗೊಣಗುತ್ತಲೇ ತುದಿಯ ಬಣ್ಣ ಕೆರೆದು ಒರಟು ಮಾಡಿದರು. ಮುಂದಿನ ತುತ್ತು ಬಾಯಿಗೇ ಬಂತು.

ಇವತ್ತು ಚಮಚದ ಹಿಡಿಗೆ ದಾರ ಸುತ್ತಿಕೊಟ್ಟೆ. ಮಗ ಒಂದು ತುತ್ತು ತಾನೇ ತಿಂದ. ಅರ್ಧ ಅಂಗಿಗೆ, ಅರ್ಧ ಬಾಯಿಗೆ.