ಸೀಟಿ ಊದದ ಮೇಷ್ಟ್ರು

ನಿನ್ನೆ ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯಲ್ಲಿ, ನಾನು ಪಿ.ಟಿ. ಟೀಚರಾಗಿರುವ ಶಾಲೆಯ ಮೈದಾನದಲ್ಲಿ ಖೊಖೊ ಅಂಕಣಕ್ಕೆ ಗೆರೆ ಹಾಕಿಸುತ್ತಿದ್ದೆ. ಗಾಳಿ ಬೀಸಿ ಸುಣ್ಣದ ಪುಡಿ ಮುಖಕ್ಕೆ ರಾಚಿತು. ಗಂಟಲು ಕೆರೆಯುವ ಆ ಒಣ ವಾಸನೆಗೆ ನಮ್ಮ ಮೇಷ್ಟ್ರು ನೆನಪಾದರು. ಅವರ ಪ್ಯಾಂಟಿನ ಅಂಚಿಗೆ ಯಾವಾಗಲೂ ಈ ಸುಣ್ಣ ಮೆತ್ತಿಕೊಂಡಿರುತ್ತಿತ್ತು. ಕಣ್ಣು ತುಂಬಿ ಬರಬೇಕಿತ್ತು... ನನಗೆ ಬಂದದ್ದು ಸಿಟ್ಟು.

ದೊಡ್ಡಬಳ್ಳಾಪುರದ ಹೊರಗಿನ ವಿಶ್ವವಿದ್ಯಾಲಯದಲ್ಲಿ ನಾನು ದೈಹಿಕ ಶಿಕ್ಷಣ ಓದುತ್ತಿದ್ದಾಗ ಅವರು ನಮಗೆ ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ. ಮೈದಾನದ ಕಲ್ಲು ಆಯುವುದರಿಂದ ಹಿಡಿದು ಎಲ್ಲ ಕೆಲಸವೂ ಅವರದೇ ತಲೆ ಮೇಲೆ. ಬೆಳಗ್ಗೆ ತರಗತಿ ಶುರುವಾಗುವ ತನಕ ಮೈದಾನದ ಗೇಟು ಊರಿನವರಿಗೆ ತೆರೆದಿರಬೇಕು ಎಂದು ಹಟ ಹಿಡಿದು ಒಪ್ಪಿಸಿದ್ದರು. ಬಂದವರಿಗೆ ವ್ಯಾಯಾಮ ಹೇಳಿಕೊಡುವುದೇ ನಮ್ಮ ಪ್ರಾಕ್ಟಿಕಲ್.

ಬರುತ್ತಿದ್ದವರು ಹೆಚ್ಚಾಗಿ ಮಗ್ಗದವರು. ವರ್ಷಗಟ್ಟಲೆ ಪವರ್‌ಲೂಮಿನ ಸದ್ದಿನಲ್ಲಿ ನಿಂತು ಅವರ ಕಿವಿ ಮಂದವಾಗಿತ್ತು, ಭುಜ ಬಿಗಿದಿತ್ತು. ನನ್ನ ಅಮ್ಮನೂ ಅವರಲ್ಲೊಬ್ಬಳು. ಮೊದಲ ದಿನ ನಾನು ಠೀವಿಯಿಂದ ಸೀಟಿ ಊದಿದೆ. ಅರ್ಧ ಜನ ತಿರುಗಿಯೂ ನೋಡಲಿಲ್ಲ. ಉಳಿದವರು ಪಕ್ಕದವರನ್ನು ನೋಡಿಕೊಂಡು ತಿರುಗಿದರು. ಮೇಷ್ಟ್ರು ನನ್ನ ಕೈಯಿಂದ ಸೀಟಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು.

"ಮಗ್ಗದೋರಿಗೆ ಸೀಟಿ ಊದ್ತೀಯಲ್ಲಮ್ಮ. ಮನೇಲಿ ನಿಮ್ಮಮ್ಮನ್ನ ಹೆಂಗೆ ಕರೀತೀಯ?"

ಕಣ್ಣೆದುರು ಕೈಯಾಡಿಸಿ ಕರೆಯುತ್ತಿದ್ದೆ. ಅವತ್ತಿನಿಂದ ಮೈದಾನದಲ್ಲೂ ಎಲ್ಲ ಕೈಸನ್ನೆಯಲ್ಲೇ ನಡೆಯಿತು. ಅಂಗೈ ಮೇಲೆತ್ತಿದರೆ ಉಸಿರು ಒಳಗೆ, ಮುಷ್ಟಿ ಕಟ್ಟಿದರೆ ನಿಲ್ಲು. ಮಗ್ಗದ ಸದ್ದಿನ ನಡುವೆ ಊರ ಸುದ್ದಿಯನ್ನೆಲ್ಲ ಸನ್ನೆಯಲ್ಲೇ ಹೇಳಿ ಮುಗಿಸುವ ಹೆಂಗಸರಿಗೆ ಇದೇನು ಮಹಾ! ಅವರಿಗೆಂದೇ ಮೇಷ್ಟ್ರು ರಸ್ತೆಗೆ ಕಾಣದಂತೆ ಕಾಂಪೌಂಡು ಗೋಡೆಯ ಮರೆಯ ಮೂಲೆ ಬಿಟ್ಟಿದ್ದರು. ನಮ್ಮ ಪಕ್ಕದ ಮನೆಯ ಖಾಲಾ ಕೂಡ ಬುರ್ಖಾವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈ ಬೀಸುತ್ತಿದ್ದರು. ಎದೆಯ ಮಟ್ಟಕ್ಕೆ ನಿಂತುಬಿಡುತ್ತಿದ್ದ ಅಮ್ಮನ ಬಲಗೈ ಕೆಲವು ತಿಂಗಳಲ್ಲಿ ಕಿವಿಯ ಪಕ್ಕ ನೆಟ್ಟಗೆ ನಿಂತಿತು. ಅವಳ ಮುಖದಲ್ಲಿ ಅಂಥ ಜಂಬವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆಮೇಲೆ ವಿಶ್ವವಿದ್ಯಾಲಯಕ್ಕೆ ಗ್ರೇಡು ಕೊಡುವ ತಂಡ ಬಂತು. ಅಲ್ಲಿಯವರೆಗೆ ಮೈದಾನದ ಕಡೆ ತಲೆ ಹಾಕದ ದೊಡ್ಡವರೆಲ್ಲ ಹಾಜರು. ಹೆಂಗಸರಿಗೆ ಸೀರೆಯ ಮೇಲೇ ಟೀ ಶರ್ಟು ತೊಡಿಸಿ ಫೋಟೊ ಹೊಡೆಸಿದರು. ಬಾಯಿ ತೆರೆದರೆ ಸಮುದಾಯ, ಸಮುದಾಯ. ಒಳ್ಳೆಯ ಗ್ರೇಡೇ ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಮೈದಾನಕ್ಕೆ ಸಿಂಥೆಟಿಕ್ ಟ್ರ್ಯಾಕ್ ಹಾಸಿದರು. ಹೊರಗಿನವರು ತುಳಿದರೆ ಹಾಳಾಗುತ್ತದೆ ಎಂದು ಗೇಟಿಗೆ ಬೀಗ ಜಡಿದರು.

ಮೇಷ್ಟ್ರು ಸುಮ್ಮನಿರಲಿಲ್ಲ. ನಮ್ಮಲ್ಲಿ ಕೆಲವರನ್ನು ಕರೆದುಕೊಂಡು ಕುಲಸಚಿವ ಸಾಹೇಬರ ಕೋಣೆಗೆ ಹೋದರು.

"ಟೀ ಶರ್ಟ್ ಹಾಕ್ಸುವಾಗ ಮಗ್ಗದೋರು ಹೊರಗಿನೋರು ಆಗಿರ್ಲಿಲ್ವಾ ಸಾರ್?"

ಸಾಹೇಬರು ತಲೆಯನ್ನೂ ಎತ್ತಲಿಲ್ಲ. "ನೀವೂ ಅತಿಥಿನೇ ಮೇಷ್ಟ್ರೇ. ಮರೀಬೇಡಿ."

ಮುಂದಿನ ವರ್ಷ ಅವರನ್ನು ಕರೆಯಲಿಲ್ಲ. ಅವರು ಕಾಂಪೌಂಡಿನ ಹೊರಗೆ, ರಸ್ತೆ ಪಕ್ಕದ ಖಾಲಿ ಜಾಗದಲ್ಲಿ ಸುಣ್ಣದ ಗೆರೆ ಎಳೆದು ನಿಂತರು. ಹೆಂಗಸರು ಬಂದರು. ಆದರೆ ಲಾರಿಯವರು ವೇಗ ತಗ್ಗಿಸಿ, ಕತ್ತು ಹೊರಗೆ ಹಾಕಿ ನೋಡುವಾಗ ಸೆರಗು ಹಿಡಿದ ಕೈಯನ್ನು ಯಾರು ಮೇಲೆತ್ತುತ್ತಾರೆ? ಮೊದಲು ಖಾಲಾ ಬರುವುದು ನಿಲ್ಲಿಸಿದರು. ಆಮೇಲೆ ಒಬ್ಬೊಬ್ಬರೇ... ಕೊನೆಗೆ ಅಮ್ಮನೂ. ಕೆಲವು ದಿನ ಮೇಷ್ಟ್ರು ಒಬ್ಬರೇ ಬಂದು ನಿಂತಿದ್ದು ಹೋಗುತ್ತಿದ್ದರಂತೆ.

ಆಮೇಲೆ ಅವರು ದಾಬಸ್‌ಪೇಟೆಯ ಯಾವುದೋ ಗೋಡೌನಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದರು. ಲಾರಿಗಳನ್ನು ಒಳಗೆ ಬಿಡಲು ಅಲ್ಲಿ ದಿನವಿಡೀ ಸೀಟಿ ಊದಬೇಕಿತ್ತಂತೆ. ಇದನ್ನು ಹೇಳಿದ ಗೆಳತಿ ನಕ್ಕಳು. ಅವಳ ಮೇಲೂ ನನಗೆ ಕೋಪ ಬಂತು. ಹೋದ ವರ್ಷ ಮೇಷ್ಟ್ರು ಎದೆನೋವಿನಿಂದ ತೀರಿಕೊಂಡರು. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಕಡೆಯ ಸಲ ಮುಖ ನೋಡುವುದಕ್ಕೂ ಆಗಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಮೊನ್ನೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಬಸ್ಸು ವಿಶ್ವವಿದ್ಯಾಲಯದ ಆ ಗೇಟಿನ ಮುಂದೆ ನಿಂತಿತು. ಗೇಟಿನ ಮೇಲೆ ಆಳೆತ್ತರದ ಬೋರ್ಡು. ಬೋರ್ಡಿನಲ್ಲಿ ಟೀ ಶರ್ಟು ತೊಡಿಸಿದ್ದ ಅವತ್ತಿನ ಫೋಟೊ. ಮುಂದಿನ ಸಾಲಿನಲ್ಲಿ ಎರಡೂ ಕೈ ಎತ್ತಿ ನಿಂತವಳು ಅಮ್ಮ. ಎದುರಿಗೆ ನಿಂತಿದ್ದ ಮೇಷ್ಟ್ರನ್ನು ಕತ್ತರಿಸಿ ತೆಗೆದು ಆ ಜಾಗದಲ್ಲಿ ಲಾಂಛನ ಹಾಕಿದ್ದಾರೆ. ಅಮ್ಮ ಕಿಟಕಿಯಿಂದ ಬಹಳ ಹೊತ್ತು ನೋಡಿದಳು.

"ಅದು ನಾನೇನೇ? ಕೈ ಅಷ್ಟು ಮೇಲಕ್ಕೆ ಹೋಗ್ತಿತ್ತಾ?"

ಹೋಗುತ್ತಿತ್ತು ಎಂದು ಸನ್ನೆ ಮಾಡಿದೆ. ಅವಳು ನಂಬಿದಂತೆ ಕಾಣಲಿಲ್ಲ. ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುವಾಗ ಮೇಲಿನ ಕಂಬಿ ಹಿಡಿಯಲು ಹೋದಳು. ಕೈ ಎದೆಯ ಮಟ್ಟಕ್ಕೇ ನಿಂತಿತು. ನಾನೇ ರಟ್ಟೆ ಹಿಡಿದು ಇಳಿಸಿದೆ.