ಸಾರುಮ್ಮನ ಹುರಿ

ಸಾರುಮ್ಮನನ್ನು ಹೊಗಳುವವರು ಈಗ ನಮ್ಮ ಕಿಲ್ತಾನ್ ದ್ವೀಪದಲ್ಲಿ ಮನೆಗೊಬ್ಬರಿದ್ದಾರೆ. ಅವಳು ಬದುಕಿದ್ದಾಗ ಇವರ ಬಾಯಿಗೆ ಏನು ರೋಗ ಬಡಿದಿತ್ತೋ ನನಗೆ ಗೊತ್ತಿಲ್ಲ. ಇವರನ್ನು ಬೈಯಲು ನನಗೂ ಮುಖವಿಲ್ಲ ಬಿಡಿ. ಅವಳ ಅನ್ನ ಕಳೆದವಳು ನಾನು.

ಕುಳ್ಳಗೆ, ಕಪ್ಪಗೆ, ಸದಾ ಏನಾದರೂ ಗೊಣಗುತ್ತಿದ್ದ ಹೆಂಗಸು. ಗಂಡ ಸಮುದ್ರದ ಪಾಲಾಗಿದ್ದ. ಮನೆಯಲ್ಲಿ ಮಗಳು ಆಮಿನಾ, ಇಬ್ಬರು ಮೊಮ್ಮಕ್ಕಳು. ನನ್ನ ಉಮ್ಮ ತೀರಿಕೊಂಡಾಗ ನನಗೆ ಹತ್ತು ವರ್ಷ. ಸಾರುಮ್ಮ ನಮ್ಮ ಮನೆಯವಳಲ್ಲ, ಆದರೂ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ತೆಂಗಿನ ನಾರಿನ ಮುಂದೆ ಕೂರಿಸಿದಳು. ವರ್ಷವಿಡೀ ಉಪ್ಪುನೀರಿನ ಗುಂಡಿಯಲ್ಲಿ ಕೊಳೆತ ಸಿಪ್ಪೆಯ ನಾತಕ್ಕೆ ಮೊದಲ ದಿನ ಮೂಗು ಮುಚ್ಚಿಕೊಂಡೇ ಕೂತಿದ್ದೆ.

"ಇದೆಂತ ಹುರಿಯಾ, ಬೆಕ್ಕಿನ ಬಾಲವಾ?" ಎಂದು ನಾನು ಹೊಸೆದದ್ದನ್ನೆಲ್ಲ ಬಿಚ್ಚಿ ಹಾಕುವಳು. "ಅಂಗೈ ಒಣಗಿರ್ಬೇಕು ಕುಂಞಿಬಿ, ಬಾಯಿ ಮುಚ್ಚಿರ್ಬೇಕು. ನಿಂದು ಎರಡೂ ತಲೆಕೆಳಗೆ."

ಹತ್ತು ವರ್ಷ ಬೈಸಿಕೊಂಡು ಕಲಿತೆ. ನಮ್ಮಲ್ಲಿ ಹುರಿಯನ್ನು ನೋಡಿದರೆ ಹೊಸೆದ ಕೈ ಯಾರದ್ದೆಂದು ಹೆಂಗಸರಿಗೆ ತಿಳಿಯುತ್ತದೆ. ಒಬ್ಬಳದ್ದು ಸಡಿಲ, ಒಬ್ಬಳದ್ದು ಒರಟು, ಒಬ್ಬಳದ್ದು ನಡುನಡುವೆ ದಪ್ಪ. ಸಾರುಮ್ಮನದ್ದು ಮೊದಲಿಂದ ಕೊನೆಯವರೆಗೆ ಒಂದೇ ಬಿಗಿ. ಆ ಗುರುತು ಹಿಡಿಯುವುದರಲ್ಲಿ ನನ್ನ ಸಮ ಯಾರೂ ಇಲ್ಲವೆಂದು ನನಗೆ ಭಾರೀ ಜಂಬವಿತ್ತು.

ದೊರೆಗಳ ಕಾಲ ಅದು. ಮರ ನಮ್ಮದು, ಸಿಪ್ಪೆ ನಮ್ಮದು, ಬೆವರು ನಮ್ಮದು, ಹುರಿ ಮಾತ್ರ ಸರ್ಕಾರದ್ದು. ಎಲ್ಲವನ್ನೂ ಮಂಗಳೂರಿಗೆ ಕಳಿಸಬೇಕು, ಬದಲಿಗೆ ಅವರು ಹೇಳಿದಷ್ಟು ಅಕ್ಕಿ ಬರುತ್ತದೆ. ಕಲ್ಲಿಕೋಟೆಯ ಸಾಹುಕಾರರು ಎರಡು ಪಟ್ಟು ಕೊಡುತ್ತಿದ್ದರು. ಆದರೆ ಅವರಿಗೆ ಮಾರಿದರೆ ನಮ್ಮ ಹುರಿಯನ್ನು ನಾವೇ ಕದ್ದ ಹಾಗೆ.

ಮಳೆಗಾಲ ಹತ್ತಿರ ಬಂದಿದ್ದ ಒಂದು ದಿನ ಬೇರೆ ದ್ವೀಪದಿಂದ ಸರ್ಕಾರದ ಪಾರುಪತ್ಯಗಾರರು ಬಂದಿಳಿದರು. ತೆಂಗು ತಿನ್ನುವ ಇಲಿಗಳ ಬೇಟೆಗೆ ಗಂಡಸರನ್ನು ಕರೆಯುವ ಹಾಗೆ ಹೆಂಗಸರನ್ನೆಲ್ಲ ಕಚೇರಿಯ ಅಂಗಳಕ್ಕೆ ಕರೆಸಿದರು. ನಾಲ್ಕು ಕಟ್ಟು ಹುರಿ ಅಲ್ಲಿತ್ತು. ಪಾರುಪತ್ಯಗಾರರು ನಗುನಗುತ್ತಾ ಕೇಳಿದರು: "ಇಷ್ಟು ಚಂದ ಹೊಸೆದವಳು ಯಾರಪ್ಪ? ಅಂಥವಳ ಕೈಗೆ ಬಳೆ ಹಾಕ್ಬೇಕು."

ಉಳಿದವರು ನೆಲ ನೋಡುತ್ತಾ ನಿಂತರು. ಅವರಿಗೆ ಬುದ್ಧಿ ಇತ್ತು. ನಾನು ಮುಂದೆ ಹೋಗಿ ಕಟ್ಟನ್ನು ಎತ್ತಿ ಬೆರಳಲ್ಲಿ ಉಜ್ಜಿ ನೋಡಿ, "ಕೇಳುದೆಂತ? ಸಾರುಮ್ಮಂದೇ. ಈ ಬಿಗಿ ಇನ್ಯಾರಿಗೆ ಬರ್ತದೆ?" ಅಂದುಬಿಟ್ಟೆ.

ಅವರ ನಗು ಅಲ್ಲಿಗೆ ನಿಂತಿತು. ಆ ಕಟ್ಟುಗಳು ಕಲ್ಲಿಕೋಟೆಗೆ ಹೋಗುತ್ತಿದ್ದ ದೋಣಿಯಲ್ಲಿ ಸಿಕ್ಕಿದ್ದವಂತೆ. ದೋಣಿಯವರು ಯಾರ ಮಾಲು ಎಂದು ಬಾಯಿ ಬಿಟ್ಟಿರಲಿಲ್ಲ. ಸಾರುಮ್ಮ ಗುಂಪಿನಿಂದ ಮುಂದೆ ಬಂದು ಹುರಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸುಮ್ಮನಿದ್ದದ್ದೇ ಒಪ್ಪಿಗೆಯಾಯಿತು. ಆ ಮಳೆಗಾಲಕ್ಕೆ ಅವಳ ಮನೆಗೆ ಅಕ್ಕಿ ಇಲ್ಲ, ಅವಳು ಹೊಸೆದ ಹುರಿಯನ್ನು ಕಚೇರಿ ಇನ್ನೆಂದೂ ಮುಟ್ಟುವುದಿಲ್ಲ ಎಂದು ತೀರ್ಪಾಯಿತು.

ಎರಡು ರಾತ್ರಿ ನಾನು ಮಲಗಿದೆ, ಆದರೆ ನಿದ್ದೆ ಬರಲಿಲ್ಲ. ಮೂರನೇ ದಿನ ನಮ್ಮ ಮನೆಯ ಹುರಿಯನ್ನು ಮಂಗಳೂರಿಗೆ ಹೋಗುವ ಓಡ ದೋಣಿಗೆ ತುಂಬಲು ತೆಗೆದರೆ ಹಿಂದಿನ ಸಾಲಿನಲ್ಲಿ ನಾಲ್ಕು ಕಟ್ಟು ಕಮ್ಮಿ. ಕಟ್ಟುಗಳನ್ನು ಜೋಡಿಸಿಡುತ್ತಿದ್ದ ನನ್ನ ತಮ್ಮ ಕಿಡಾವುವಿನ ಕೊರಳಪಟ್ಟಿ ಹಿಡಿದೆ.

"ಬಿಡೇ ಅಕ್ಕಾ, ಕಲ್ಲಿಕೋಟೆಗೆ ಕೊಟ್ಟದ್ದು ನಾನೇ," ಎಂದು ಅಳತೊಡಗಿದ. "ನೀನು ಸಾರುಮ್ಮನ ಹೆಸರು ಹೇಳಿದಾಗ, ನನ್ನ ಉಳಿಸ್ಲಿಕ್ಕೆ ಹೇಳಿದ್ದು ಅಂತ ಗ್ರಹಿಸಿದೆ."

ಅವಳಿಂದಲೇ ಕಲಿತ ಕೈ ನನ್ನದು. ನನ್ನ ಹುರಿಯನ್ನೇ ಎತ್ತಿ ಹಿಡಿದು ಅವಳದೆಂದಿದ್ದೆ. ಊರಿನವರ ಕೈಯೆಲ್ಲ ಗೊತ್ತಿದ್ದ ಜಾಣೆಗೆ ತನ್ನ ಕೈ ಗೊತ್ತಿರಲಿಲ್ಲ. ಕಚೇರಿಯ ಕಡೆ ಅರ್ಧ ದಾರಿ ಹೋದೆ. ಹೇಳಿದರೆ ತಮ್ಮನನ್ನು ಹಿಡಿದು ಮಂಗಳೂರಿಗೆ ಒಯ್ಯುತ್ತಾರೆ, ನಮ್ಮ ಮನೆಯ ಹನ್ನೊಂದು ಬಾಯಿಗೆ ಅಕ್ಕಿ ನಿಲ್ಲುತ್ತದೆ. ಬಾವಿಕಟ್ಟೆಯ ಹತ್ತಿರ ನಿಂತೆ, ಅಲ್ಲಿಂದ ವಾಪಸು ಬಂದೆ. ಹೇಡಿ ನಾನು.

ಆ ಮಳೆಗಾಲ ಸಾರುಮ್ಮನ ಮನೆಯವರು ತೆಂಗಿನಕಾಯಿ, ಜೀಗುಜ್ಜೆ ತಿಂದು ಬದುಕಿದರು. ಮೊಮ್ಮಕ್ಕಳ ಪಕ್ಕೆಲುಬು ಎಣಿಸಬಹುದಿತ್ತು. ನಾನು ಸೆರಗಿನಲ್ಲಿ ಎರಡು ಹಿಡಿ ಅಕ್ಕಿ ಕಟ್ಟಿಕೊಂಡು ಹೋದರೆ, "ನಿಮ್ಮಲ್ಲಿ ಸಾಕಾಗ್ತದಾ ಮಗಳೇ?" ಎಂದು ಕೇಳಿಯೇ ತೆಗೆದುಕೊಳ್ಳುತ್ತಿದ್ದಳು. ಮುಂದೆಯೂ ಅವಳು ಹೊಸೆಯಲಿಲ್ಲ. ಬೇರೆಯವರ ಸಿಪ್ಪೆ ಬಡಿದು, ಕೂಲಿಗೆ ಕೊಟ್ಟ ಅಕ್ಕಿಯಲ್ಲಿ ಮೊಮ್ಮಕ್ಕಳನ್ನು ಸಾಕಿದಳು. ಇತ್ತ ನನ್ನ ಹುರಿಗೆ ಕಚೇರಿಯಲ್ಲಿ ಹೊಗಳಿಕೆ. "ಸಾರುಮ್ಮನನ್ನೂ ಮೀರಿಸಿದ್ದೀಯಲ್ಲ," ಎನ್ನುವರು. ನಾನು ನಾಚಿಕೆಯಿಲ್ಲದೆ ಕೇಳಿಸಿಕೊಂಡು ಬರುತ್ತಿದ್ದೆ.

ಹನ್ನೆರಡು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಕಿಡಾವು ಸಿಡುಬಿನಲ್ಲಿ ತೀರಿಕೊಂಡ. ಸಾರುಮ್ಮನ ಬೆರಳುಗಳು ಬಾತು ಸೊಟ್ಟಗಾದವು. ದಿನಾ ಮಧ್ಯಾಹ್ನ ನಾನೇ ಹೋಗಿ ಬಿಸಿ ಎಣ್ಣೆ ಹಚ್ಚಿ ನೀವುತ್ತಿದ್ದೆ. ಒಂದು ದಿನ ತಡೆಯಲಾಗದೆ, "ಸಾರುಮ್ಮಾ, ಅವತ್ತಿನ ಹುರಿ ನಿಮ್ಮದಲ್ಲ, ನಂದು," ಅಂದೆ.

"ನನಗೆ ಗೊತ್ತಿಲ್ವಾ ಅದು? ಎರಡು ಎಳೆ ಜೋಡಿಸುವಲ್ಲಿ ನಿನ್ನ ಹೆಬ್ಬೆರಳು ಜಾರ್ತದೆ. ಎಷ್ಟು ಬೈದಿಲ್ಲ ಅದಕ್ಕೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೆದರಿ ಸುಳ್ಳು ಹೇಳಿದ್ದು ಅಂತ ಗ್ರಹಿಸಿದೆ. ಸಣ್ಣ ಪ್ರಾಯ. ಹೆದರಿದವಳನ್ನು ಹಿಡ್ದು ಕೊಡ್ಲಿಕ್ಕೆ ಆಗ್ತದಾ?"

ಅಲ್ಲಿಗೆ ಬಿಡಬಹುದಿತ್ತು. ಆದರೆ ಅವಳು ಕೊಟ್ಟ ಕ್ಷಮೆ ನನ್ನದಲ್ಲ ಅನ್ನಿಸಿತು. "ಹೆದರಿ ಅಲ್ಲ. ಆಗ ನಿಜವಾಗಿ ನಿಮ್ಮದೇ ಅಂದ್ಕೊಂಡಿದ್ದೆ," ಅಂದೆ.

ಅವಳಿಗೆ ನಗು ತಡೆಯಲಾಗಲಿಲ್ಲ. "ನಿನ್ನ ಹುರಿ ನಿನಗೇ ಗೊತ್ತಾಗ್ಲಿಲ್ವಾ? ಒಳ್ಳೆ ಶಿಷ್ಯೆ ಮಾರಾಯ್ತಿ. ಮತ್ತೆ ಗೊತ್ತಾದ್ದು ಯಾವಾಗ?"

"ಮೂರನೇ ದಿನ."

ಅವಳು ನಗುವುದನ್ನು ನಿಲ್ಲಿಸಿದಳು. ಇನ್ನೊಂದು ಕೈಯ ಸೊಟ್ಟ ಬೆರಳುಗಳ ಮೇಲೆ ದಿನ ಎಣಿಸಿದಳು.

"ಪಾರುಪತ್ಯಗಾರರು ಹೋದದ್ದು ಐದನೇ ದಿನ," ಅಂದಳು. "ಮೂರನೇ ದಿನ ಇಲ್ಲೇ ಇದ್ರು."

ನಿಧಾನವಾಗಿ ತನ್ನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಎಣ್ಣೆಯನ್ನು ಸೆರಗಿನಿಂದ ಒರೆಸಿಕೊಂಡಳು.

ಆಮೇಲೆ ನಾಲ್ಕು ತಿಂಗಳು ಬದುಕಿದ್ದಳು. ನಾನು ಹೋದಾಗಲೆಲ್ಲ ಕೂರಿಸಿ ಮಾತಾಡಿಸುತ್ತಿದ್ದಳು, ಊಟ ಆಯಿತೇ ಎಂದು ಕೇಳುತ್ತಿದ್ದಳು. ಎಣ್ಣೆ ಹಚ್ಚಲು ಮಾತ್ರ ಆಮಿನಾಳನ್ನು ಕರೆಯುತ್ತಿದ್ದಳು.